ಎರಡು ಗರಗಸ ಯಾಕೆ?

ಪ್ರಶ್ನೆ: ಹಳೆಯ ಬಡಿಗತನದ ಹತಾರ ಕೂಡಿಸುವುದು ನನ್ನ ಹವ್ಯಾಸ. ಒಂದೇ ಅಳತೆಯ ಎರಡು ಗರಗಸಗಳಿವೆ, ಹಲ್ಲು ಮಾತ್ರ ಬೇರೆ. ಯಾಕೆ?
– ಓದುಗರೊಬ್ಬರು, ಉಗರಗೋಳ

ಉತ್ತರ: ಕಟ್ಟಿಗೆಯ ಎಳೆಯೇ ಕಾರಣ. ಎಳೆಗುಂಟ ಸೀಳುವ ಗರಗಸದ ಹಲ್ಲುಗಳು ಸಣ್ಣ ಉಳಿಗಳಂತೆ ನೇರ ಅಂಚಿನವು. ಕಟ್ಟಿಗೆಯನ್ನು ಹೆರೆದು ತೆಗೆಯುತ್ತವೆ. ಅಡ್ಡ ಕೊಯ್ಯುವುದರ ಹಲ್ಲುಗಳನ್ನು ಓರೆಯಾಗಿ ಮಸೆದಿರುತ್ತಾರೆ; ಅವು ಎಳೆಯನ್ನು ಎರಡೂ ಬದಿಯಲ್ಲಿ ಕತ್ತರಿಸುತ್ತವೆ. ಸೀಳುವ ಗರಗಸದಿಂದ ಅಡ್ಡ ಕೊಯ್ದರೆ ಅಂಚು ಹರಿದು ಸಿಬಿರೇಳುತ್ತದೆ. ಹಲ್ಲುಗಳು ಒಂದು ಎಡಕ್ಕೆ, ಒಂದು ಬಲಕ್ಕೆ ಬಾಗಿರುವುದನ್ನೂ ನೋಡಿ. ಇದರಿಂದ ಸಂದು ಅಲಗಿಗಿಂತ ಅಗಲವಾಗಿ, ಗರಗಸ ನಡುವೆ ಸಿಕ್ಕಿಬೀಳುವುದಿಲ್ಲ.

ಇಂಥ ಹತಾರಗಳ ಕೆಲಸ ಕಾಣಬೇಕೆಂದರೆ, ಎಲ್ಲಮ್ಮನ ಗುಡ್ಡಕ್ಕೆ ಬನದ ಹುಣ್ಣಿಮೆಗೆ ಬರುವ ಕಟ್ಟಿಗೆಯ ಚಕ್ಕಡಿಗಳ ಕೂಡಿಕೆಗಳನ್ನು ಹತ್ತಿರದಿಂದ ನೋಡಿ. ಉಳಿ, ಕೊಡತಿಗಳ ಕೆಲಸವೂ ತಿಳಿಯುತ್ತದೆ. ನಿಮ್ಮ ಗರಗಸಗಳ ತುಕ್ಕು ತೆಗೆದು ಎಣ್ಣೆ ಸವರಿ. ಕೈ ಸವೆಸಿದ ಹಳೆಯ ಹಿಡಿಯನ್ನು ಮಾತ್ರ ದಯವಿಟ್ಟು ಬದಲಿಸಬೇಡಿ.