ಮೋಟಾರು ಗಾಡಿಯ ಆಯುಸ್ಸು

ಮೋಟಾರು ಗಾಡಿ ಮುಪ್ಪಿನಿಂದ ಕೆಡುವುದಕ್ಕಿಂತ ಅಲಕ್ಷ್ಯದಿಂದ ಕೆಡುವುದೇ ಹೆಚ್ಚು. ನಮ್ಮ ಮಲೆನಾಡಿನಲ್ಲಿ ಇಂದಿಗೂ ಬಾಡಿಗೆಗೆ ಓಡುತ್ತಿರುವ ಮಾರುತಿ ಓಮ್ನಿಯನ್ನೇ ನೋಡೋಣ. 1984ರಲ್ಲಿ ಹೊರಬಂದ ಈ ವ್ಯಾನಿನ ತಯಾರಿಕೆ 2019ರಲ್ಲಿ ನಿಂತಿತು. ಹೊಸದು ಸಿಗದು, ಇರುವುದನ್ನೇ ಉಳಿಸಿಕೊಳ್ಳಬೇಕು. ನನ್ನ ತಂದೆಯವರ ಸಂಪಾದನೆಯೂ ನನ್ನ ಕಾಲೇಜಿನ ಶುಲ್ಕವೂ ಇಂಥದೊಂದು ಗಾಡಿಯನ್ನೇ ನಂಬಿರುವುದರಿಂದ ಈ ವಿಷಯ ನನಗೆ ಕೇವಲ ಕುತೂಹಲದ್ದಲ್ಲ.

ಎಂಜಿನ್ನಿಗೆ ಎಣ್ಣೆಯೇ ಪ್ರಾಣ. ಅದು ಲೋಹಕ್ಕೆ ಲೋಹ ಉಜ್ಜದಂತೆ ನಡುವೆ ಪದರವಾಗಿ ನಿಲ್ಲುತ್ತದೆ. ಶಾಖವನ್ನೂ ಮಸಿಯನ್ನೂ ಹೊತ್ತೊಯ್ಯುತ್ತದೆ. ಆದುದರಿಂದ ಎಣ್ಣೆ ಕಪ್ಪಾದ ಮಾತ್ರಕ್ಕೆ ಗಾಬರಿ ಬೇಡ; ಗಡುವಿಗೆ ಸರಿಯಾಗಿ ಬದಲಾಯಿಸಿದರಾಯಿತು. ಮಟ್ಟ ಇಳಿದರೆ ಮಾತ್ರ ಅಪಾಯ. ಓಮ್ನಿಯ ಎಂಜಿನ್ನು ಮುಂದಿನ ಸೀಟಿನ ಕೆಳಗೆ ಅಡಗಿರುವುದರಿಂದ ಅನೇಕರು ಸೀಟೆತ್ತಿ ನೋಡುವ ಶ್ರಮವನ್ನೇ ವಹಿಸುವುದಿಲ್ಲ! ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ನು ಆರಿಸಿ, ಎಣ್ಣೆ ತಳಕ್ಕಿಳಿಯಲು ಕೆಲವು ನಿಮಿಷ ಬಿಟ್ಟು, ಅಳತೆಕಡ್ಡಿಯನ್ನು ಒರೆಸಿ ಅದ್ದಿ ನೋಡಬೇಕು.

ರೇಡಿಯೇಟರಿಗೆ ಕೂಲೆಂಟಿನ ಬದಲು ಬರಿಯ ನೀರು ಸುರಿಯುವುದು ಇನ್ನೊಂದು ಕೆಟ್ಟ ಚಾಳಿ. ಒಳಗೆ ತುಕ್ಕೂ ಸುಣ್ಣವೂ ಕಟ್ಟಿಕೊಂಡರೆ ಘಾಟಿ ಏರುವಾಗ ಎಂಜಿನ್ನು ಮಿತಿಮೀರಿ ಕಾಯುತ್ತದೆ. ಟೈಮಿಂಗ್ ಬೆಲ್ಟಿನದಂತೂ ಬೇರೆಯೇ ಕಥೆ. ಅದು ರಬ್ಬರು, ಸದ್ದಿಲ್ಲದೆ ಸವೆದು ಒಮ್ಮೆಗೇ ಹರಿಯಬಹುದು. ಹರಿದರೆ ಎಂಜಿನ್ನು ನಡುದಾರಿಯಲ್ಲಿಯೇ ನಿಂತಿತು. ಅದನ್ನು ಹರಿಯುವ ಮುನ್ನವೇ ಬದಲಾಯಿಸುವುದು ದುಂದುವೆಚ್ಚವೆಂದು ತೋರಬಹುದು, ನನಗೆ ಹಾಗೆನ್ನಿಸದು.

ಗಾಳಿಯ ಒತ್ತಡವನ್ನು ಟೈರು ತಣ್ಣಗಿರುವಾಗ ನೋಡಬೇಕು. ಇನ್ನು ಮಳೆಗಾಲದ ಕೆಸರು: ಚಕ್ರದ ಮೇಲಿನ ಕಮಾನಿನೊಳಗೆ ಮೆತ್ತಿಕೊಂಡು, ತೇವವನ್ನು ಹಿಡಿದಿಟ್ಟು, ತಗಡನ್ನು ಒಳಗಿನಿಂದಲೇ ತಿನ್ನುತ್ತದೆ. ಹೊರಮೈ ಮಿರುಗಿಸುವವರು ಬಗ್ಗಿ ಇದನ್ನು ನೋಡುವುದು ಅಪರೂಪ. ನಮ್ಮ ತಂದೆಯವರು ಮಾತ್ರ ಮೊದಲು ಅಡಿಭಾಗಕ್ಕೆ ನೀರು ಹಾಯಿಸುತ್ತಾರೆ. ನೀರು ಮಿಕ್ಕರೆ ಮೇಲ್ಭಾಗಕ್ಕೆ.