ಕೂಸಿನ ಹಗಲು ನಿದ್ದೆ

“ಅರ್ಧ ತಾಸೂ ಆಗಲಿಲ್ಲ, ಆಗಲೇ ಕಣ್ಣು ಬಿಟ್ಟಿತು!” ಮೂರು ತಿಂಗಳ ಕೂಸಿರುವ ಮನೆಯಲ್ಲಿ ದಿನಕ್ಕೆ ಮೂರು ನಾಲ್ಕು ಸಲವಾದರೂ ಕೇಳಿಬರುವ ಮಾತಿದು. ಎರೆದು, ಹಾಲು ಕುಡಿಸಿ, ತೂಗಿ ಮಲಗಿಸಿ, ಇನ್ನು ತಾನು ಎರಡು ತುತ್ತು ಉಣ್ಣೋಣವೆಂದು ತಾಯಿ ತಾಟಿನ ಮುಂದೆ ಕೂಡುವಷ್ಟರಲ್ಲಿ ತೊಟ್ಟಿಲು ಅಲುಗಾಡುತ್ತದೆ. ಆಮೇಲೆ ಸಲಹೆಗಳ ಸುರಿಮಳೆ. “ನಿನ್ನ ಹಾಲು ಸಾಲುತ್ತಿಲ್ಲ” ಎನ್ನುತ್ತಾರೆ ಒಬ್ಬರು. “ದೃಷ್ಟಿಯಾಗಿದೆ” ಎನ್ನುತ್ತಾರೆ ಇನ್ನೊಬ್ಬರು. “ಜಾಯಿಕಾಯಿ ತೇಯ್ದು ನೆಕ್ಕಿಸು, ಗಪ್ಪಂತ ಮಲಗುತ್ತದೆ” ಎನ್ನುವವರು ಮತ್ತೊಬ್ಬರು. ಎಲ್ಲರದೂ ಕೂಸಿನ ಮೇಲಿನ ಕಕ್ಕುಲಾತಿಯೇ. ಆದರೆ ಈ ಸಲಹೆಗಳಿಂದಲೇ ಎಷ್ಟೋ ಮನೆಗಳಲ್ಲಿ ಎದೆಹಾಲು ಬೇಗ ನಿಂತು ಹೋಗುತ್ತದೆ. ಬೇಡದ ಔಷಧಗಳು ಎಳೆಯ ಹೊಟ್ಟೆಗೆ ಸೇರುತ್ತವೆ. ಆದ್ದರಿಂದ ಕೂಸಿನ ಹಗಲು ನಿದ್ದೆಯ ಸ್ವಭಾವವನ್ನು ತಾಯಿಯಷ್ಟೇ ಅಲ್ಲ, ಮನೆಮಂದಿಯೆಲ್ಲ ತಿಳಿದುಕೊಳ್ಳುವುದು ಒಳ್ಳೆಯದು.

ನಿದ್ದೆ ತುಂಡಾಗುವುದೇಕೆ?

ಹುಟ್ಟಿದ ಕೂಸು ದಿನಕ್ಕೆ 14ರಿಂದ 17 ತಾಸು ನಿದ್ದೆ ಮಾಡುತ್ತದೆ. ನಾಲ್ಕು ತಿಂಗಳ ನಂತರ ವರ್ಷ ತುಂಬುವವರೆಗೆ ಹಗಲಿನ ನಿದ್ದೆಯೂ ಸೇರಿ 12ರಿಂದ 16 ತಾಸು ಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಅಳತೆ ಇದು. ಇಷ್ಟು ನಿದ್ದೆಯನ್ನು ಕೂಸು ಒಂದೇ ಸಲಕ್ಕೆ ಮಾಡುವುದಿಲ್ಲ. ತುಂಡು ತುಂಡಾಗಿ ಮಾಡುತ್ತದೆ.

ನಿದ್ದೆಯೆಂಬುದು ಒಂದೇ ಸಮನಾಗಿ ಹರಿಯುವ ನೀರಲ್ಲ. ಅದು ಸುತ್ತು ಸುತ್ತಾಗಿ ಬರುತ್ತದೆ. ಷಿಕಾಗೋ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು 1953ರಲ್ಲಿ, ನಿದ್ದೆಯ ನಡುವೆ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆಗಳು ಚುರುಕಾಗಿ ಓಡಾಡುವ ಒಂದು ಹಂತವಿದೆಯೆಂದು ತೋರಿಸಿದರು. ಹಸುಗೂಸಿನ ನಿದ್ದೆಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಇಂಥದೇ ಚಂಚಲ ನಿದ್ದೆ. ಆಗ ಕೂಸು ಮುಲುಗುತ್ತದೆ, ನಗುತ್ತದೆ, ಕೈಕಾಲು ಝಾಡಿಸುತ್ತದೆ. ಆದರೂ ಅದು ನಿದ್ದೆಯಲ್ಲೇ ಇರುತ್ತದೆ. ದೊಡ್ಡವರಿಗೆ ಒಂದು ಸುತ್ತು ಮುಗಿಯಲು ಸುಮಾರು ಒಂದೂವರೆ ತಾಸು ಬೇಕಾದರೆ ಕೂಸಿಗೆ ಮುಕ್ಕಾಲು ತಾಸಿನಿಂದ ಒಂದು ತಾಸು ಸಾಕು. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ನಿದ್ದೆ ತೆಳುವಾಗಿರುತ್ತದೆ. ದೊಡ್ಡವರು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಾರೆ. ಕೂಸಿಗೆ ಆ ವಿದ್ಯೆ ಇನ್ನೂ ಕೈಹತ್ತಿರುವುದಿಲ್ಲ. ಅರ್ಧ ಮುಕ್ಕಾಲು ತಾಸಿಗೆ ಅದು ಎಚ್ಚರಾಗುವ ಗುಟ್ಟು ಇಷ್ಟೇ.

ಹಗಲಿನ ನಿದ್ದೆ ಬಹುತೇಕ ಮಕ್ಕಳಲ್ಲಿ ಐದಾರು ತಿಂಗಳ ಹೊತ್ತಿಗೆ ತಾನಾಗಿ ಉದ್ದವಾಗುತ್ತ ಬರುತ್ತದೆ. ಅಲ್ಲಿಯವರೆಗೆ ತುಂಡು ನಿದ್ದೆ ರೋಗವೂ ಅಲ್ಲ, ತಾಯಿಯ ತಪ್ಪೂ ಅಲ್ಲ.

“ಹಾಲು ಸಾಲದು” ಎನ್ನುವ ಮುನ್ನ

ನಿದ್ದೆ ನೋಡಿ ಹಾಲನ್ನು ಅಳೆಯಬಾರದು. ಹಾಲು ಸಾಲುತ್ತಿದೆಯೇ ಎಂದು ತಿಳಿಯಲು ಬೇರೆ ಗುರುತುಗಳಿವೆ. ಮೊದಲ ವಾರ ಕಳೆದ ಮೇಲೆ ಕೂಸು ದಿನಕ್ಕೆ ಆರು ಸಲವಾದರೂ ಬಟ್ಟೆ ಒದ್ದೆ ಮಾಡಬೇಕು. ಮೊದಲ ಮೂರು ತಿಂಗಳಲ್ಲಿ ದಿನಕ್ಕೆ ಸರಾಸರಿ 20ರಿಂದ 30 ಗ್ರಾಂ ತೂಕ ಏರಬೇಕು. ಐದು ತಿಂಗಳ ಹೊತ್ತಿಗೆ ಹುಟ್ಟಿದಾಗಿನ ತೂಕ ಸುಮಾರು ಇಮ್ಮಡಿಯಾಗಬೇಕು. ಚುಚ್ಚುಮದ್ದಿಗೆ ಹೋದಾಗಲೆಲ್ಲ ತೂಕ ಹಾಕಿಸಿ ಕಾರ್ಡಿನಲ್ಲಿ ಬರೆಸಿಕೊಂಡು ಬನ್ನಿ. ತಕ್ಕಡಿಯ ಲೆಕ್ಕ ವ್ಯಾಪಾರಸ್ಥರ ಮನೆಗೆ ಹೊಸದಲ್ಲ. ಅದು ಸರಿಯಿದ್ದರೆ, ಕೂಸು ಅರ್ಧ ತಾಸಿಗೆ ಎದ್ದರೂ ಡಬ್ಬಿಯ ಹಾಲು ಬೇಕಿಲ್ಲ. ಒಮ್ಮೆ ಬಾಟಲಿ ರೂಢಿಯಾದರೆ ಕೂಸು ಎದೆ ಚೀಪುವುದು ಕಡಿಮೆಯಾಗುತ್ತದೆ. ಚೀಪುವುದು ಕಡಿಮೆಯಾದರೆ ಹಾಲೂ ಕಡಿಮೆಯಾಗುತ್ತದೆ. ಆಗ “ಸಾಲದು” ಎಂದ ಮಾತು ನಿಜವಾಗಿಬಿಡುತ್ತದೆ!

ವೇಳೆ ಹಿಡಿಯಿರಿ

“ದಣಿಯಲಿ, ಆಮೇಲೆ ಚೆನ್ನಾಗಿ ಮಲಗುತ್ತದೆ” ಎಂಬ ಎಣಿಕೆ ಕೂಸಿನ ವಿಷಯದಲ್ಲಿ ತಿರುವುಮುರುವು. ಬಹಳ ದಣಿದ ಕೂಸು ರಚ್ಚೆ ಹಿಡಿಯುತ್ತದೆ. ಮಲಗಿದರೂ ಬೇಗ ಏಳುತ್ತದೆ. ಎಚ್ಚರವಿರುವ ಅವಧಿ ವಯಸ್ಸಿಗೆ ತಕ್ಕಂತೆ ಇರಲಿ:

ಒಂದೂವರೆ ತಿಂಗಳವರೆಗೆ: ಮುಕ್ಕಾಲು ತಾಸಿನಿಂದ ಒಂದು ತಾಸು.
ಎರಡು, ಮೂರು ತಿಂಗಳು: ಒಂದರಿಂದ ಒಂದೂವರೆ ತಾಸು.
ನಾಲ್ಕು, ಐದು ತಿಂಗಳು: ಒಂದೂವರೆಯಿಂದ ಎರಡು ತಾಸು.
ಆರರಿಂದ ಎಂಟು ತಿಂಗಳು: ಎರಡರಿಂದ ಮೂರು ತಾಸು.

ಇದು ಅಂದಾಜಿನ ಲೆಕ್ಕ. ಕೂಸಿನಿಂದ ಕೂಸಿಗೆ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ಗಡಿಯಾರದ ಜೊತೆಗೆ ಕೂಸಿನ ಮುಖವನ್ನೂ ನೋಡಿ. ನೋಟ ಎಲ್ಲೋ ನೆಡುವುದು, ಆಟದಿಂದ ಮುಖ ತಿರುಗಿಸುವುದು, ಆಕಳಿಕೆ, ಕಣ್ಣು ಉಜ್ಜುವುದು, ಹುಬ್ಬಿನ ಸುತ್ತ ಕೆಂಪಾಗುವುದು ಇವು ನಿದ್ದೆಯ ಕರೆ. ಅಳು ಶುರುವಾಯಿತೆಂದರೆ ವೇಳೆ ಮೀರಿದೆಯೆಂದೇ ತಿಳಿಯಿರಿ.

ಜಾಗ, ಕತ್ತಲೆ, ತಂಪು

ಹಗಲಿನಲ್ಲಿ ಒಂದೆರಡು ನಿದ್ದೆಯಾದರೂ ದಿನವೂ ಒಂದೇ ಜಾಗದಲ್ಲಿ ಆಗಲಿ. ಕಿಟಕಿಗೆ ದಪ್ಪ ಪರದೆ ಹಾಕಿದರೆ ಕೋಣೆ ಮಬ್ಬಾಗುತ್ತದೆ. ಸಂದಿಯ ತೆಳು ನಿದ್ದೆಯಲ್ಲಿ ಕಣ್ಣು ತೆರೆದರೂ ನೋಡಲು ಏನೂ ಇಲ್ಲದಿದ್ದರೆ ಕೂಸು ಮತ್ತೆ ಮಲಗುವುದು ಸುಲಭ. ಮುಂದೆ ಅಂಗಡಿ, ಹಿಂದೆ ಮನೆ ಇರುವಲ್ಲಿ ತೊಟ್ಟಿಲು ಆದಷ್ಟು ಹಿಂದಿನ ಕೋಣೆಯಲ್ಲಿರಲಿ. ಗಿರಾಕಿಗಳ ಮಾತಿನ ಒಂದೇ ಸಮನೆಯ ಗುಜುಗುಜಿಗೆ ಕೂಸು ಹೊಂದಿಕೊಳ್ಳುತ್ತದೆ. ಅದನ್ನು ಬೆಚ್ಚಿಬೀಳಿಸುವುದು ಧಡಾರನೆ ಎಳೆಯುವ ಶಟರ್, ಮಿಕ್ಸರ್, ಕುಕ್ಕರಿನ ಸೀಟಿ. ಪಂಖಾದ ಸದ್ದು ಇಂಥ ಸದ್ದುಗಳನ್ನು ಕೊಂಚ ಮರೆಸುತ್ತದೆ.

ಸೊಲ್ಲಾಪುರ, ಅಕ್ಕಲಕೋಟೆಯ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಇಂಥ ದಿನಗಳಲ್ಲಿ ಕುಲಾಯಿ, ಕಾಲುಚೀಲ, ಕೌದಿ ಯಾವುದೂ ಬೇಡ. ಕೂಸಿನ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ ಬಟ್ಟೆ ಹೆಚ್ಚಾಗಿದೆ. ತೆಳು ಹತ್ತಿಯ ಅಂಗಿ ಸಾಕು. ಪಂಖಾ ಹಾಕಬಹುದು, ಕೂಲರಿನ ಗಾಳಿ ನೇರವಾಗಿ ಮುಖಕ್ಕೆ ಬಡಿಯಬಾರದು.

ತೊಟ್ಟಿಲಿಗೆ ಹಾಕುವ ಬಗೆ

ತೋಳಿನಲ್ಲಿ ಮಲಗಿದ ಕೂಸು ತೊಟ್ಟಿಲಿಗೆ ಬೆನ್ನು ತಾಗುತ್ತಲೇ ಏಳುತ್ತದೆಂಬುದು ಎಲ್ಲ ತಾಯಂದಿರ ಅನುಭವ. ಜಪಾನಿನ ರೈಕೆನ್ ಸಂಶೋಧನಾ ಸಂಸ್ಥೆಯವರು 2022ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಅಳುವ ಕೂಸನ್ನು ಎತ್ತಿಕೊಂಡು ಐದು ನಿಮಿಷ ಒಂದೇ ಸಮನೆ ನಡೆದಾಡುವುದು, ಅದು ಮಲಗಿದ ಮೇಲೆ ಎತ್ತಿಕೊಂಡೇ ಐದರಿಂದ ಎಂಟು ನಿಮಿಷ ಸುಮ್ಮನೆ ಕೂಡುವುದು, ಆಮೇಲೆ ಮಲಗಿಸುವುದು, ಇದು ಅವರು ಹೇಳಿದ ಕ್ರಮ. ಕೂಸಿಗೆ ಎಚ್ಚರಾಗುವುದು ಹಾಸಿಗೆ ತಾಗಿದಾಗ ಅಲ್ಲ, ತಾಯಿಯ ಮೈ ಬಿಟ್ಟು ಬೇರೆಯಾಗುವಾಗ ಎಂದೂ ಅವರು ಕಂಡರು. ಆದ್ದರಿಂದ ಮೆಲ್ಲಗೆ ಇಳಿಸಿ, ಎದೆಯ ಮೇಲೆ ಕೈಯನ್ನು ಒಂದು ಕ್ಷಣ ಹಾಗೆಯೇ ಇಟ್ಟು, ನಂತರ ತೆಗೆಯಿರಿ.

ಮೂರು ನಾಲ್ಕು ತಿಂಗಳು ತುಂಬಿದ ಮೇಲೆ ದಿನಕ್ಕೆ ಒಂದು ಸಲವಾದರೂ, ಕೂಸು ಪೂರ್ತಿ ಮಲಗುವ ಮುನ್ನ, ಕಣ್ಣು ಜೋಲುತ್ತಿರುವಾಗಲೇ ತೊಟ್ಟಿಲಿಗೆ ಹಾಕಿ ನೋಡಿ. ತಾನು ಮಲಗಿದ ಜಾಗವನ್ನು ತಿಳಿದು ಮಲಗಿದ ಕೂಸು, ನಡುವೆ ಎಚ್ಚರಾದಾಗ ಅದೇ ಜಾಗವನ್ನು ಕಂಡು ಗಾಬರಿಪಡುವುದಿಲ್ಲ. ಬೆಳಿಗ್ಗೆಯ ಮೊದಲ ನಿದ್ದೆ ಈ ಅಭ್ಯಾಸಕ್ಕೆ ಒಳ್ಳೆಯದು. ಪ್ರತಿ ಸಲ ಮಲಗಿಸುವ ಮುನ್ನ ಕ್ರಮ ಒಂದೇ ಇರಲಿ: ಒಣ ಬಟ್ಟೆ, ಪರದೆ, ಒಂದು ಜೋಗುಳ. ಧ್ವನಿ ಹೇಗಿದ್ದರೂ ಚಿಂತೆಯಿಲ್ಲ. ಕೂಸಿಗೆ ತಾಯಿಯ, ಅಜ್ಜಿಯ ದನಿಯೇ ಸಂಗೀತ.

ಎಚ್ಚರಾದಾಗ ಎರಡು ನಿಮಿಷ ತಡೆಯಿರಿ

ಮುಲುಗಿದ ಕೂಡಲೇ ಓಡಿ ಹೋಗಿ ಎತ್ತಿಕೊಳ್ಳುವುದು ನಮ್ಮ ಮನೆಗಳ ರೂಢಿ. ಎಷ್ಟೋ ಸಲ ಕೂಸು ಇನ್ನೂ ಚಂಚಲ ನಿದ್ದೆಯಲ್ಲೇ ಇರುತ್ತದೆ, ಎತ್ತಿದಾಗ ಎಚ್ಚರಾಗುತ್ತದೆ. ಸದ್ದಾದಾಗ ಬಾಗಿಲ ಹತ್ತಿರ ನಿಂತು ಒಂದೆರಡು ನಿಮಿಷ ನೋಡಿ. ಬರೀ ಮುಲುಗಾಟವಾದರೆ ಬಿಡಿ. ಕಣ್ಣು ತೆರೆದು ಅಳತೊಡಗಿದರೆ ಮೈಮೇಲೆ ಕೈಯಿಟ್ಟು ಮೆಲ್ಲಗೆ ತಟ್ಟಿ ಎರಡನೆಯ ಸುತ್ತಿಗೆ ಕರೆದೊಯ್ಯಲು ನೋಡಿ. ಹಸಿದಿದ್ದರೆ ಹಾಲು ಕೊಡಿ. ಹತ್ತು ನಿಮಿಷದಲ್ಲಿ ಮಲಗದಿದ್ದರೆ ಹಟ ಬೇಡ, ಎತ್ತಿಕೊಂಡು ಆಡಿಸಿ. ಮುಂದಿನ ನಿದ್ದೆ ಇದ್ದೇ ಇದೆ.

ನಿದ್ದೆಗೆ ಮದ್ದಿಲ್ಲ

ಕಳೆದ ಶತಮಾನದ ಆರಂಭದಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳಿಗೆ ಕೆಲಸಕ್ಕೆ ಹೋಗುತ್ತಿದ್ದ ತಾಯಂದಿರು ಕೂಸಿಗೆ ಅಫೀಮಿನ ಗುಳಿಗೆ ತಿನ್ನಿಸಿ ಮಲಗಿಸಿ ಹೋಗುತ್ತಿದ್ದರು. ಅವರಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಇದೆ. ಅಫೀಮು ಉಸಿರನ್ನೇ ಅಡಗಿಸುತ್ತದೆ, ಸಾಸಿವೆಯಷ್ಟೂ ಕೂಡದು. ಹೆಚ್ಚಾದ ಜಾಯಿಕಾಯಿ ಕೂಸಿಗೆ ವಿಷವೇ. ಸಾಣೆಕಲ್ಲಿನ ಮೇಲೆ ತೇಯುವ ಬಾಳಗುಟಿ, ಬಜೆ, ಗ್ರೈಪ್ ವಾಟರ್ ಇವೂ ಬೇಡ. ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನೂ ಕೊಡಬಾರದು. ವೈದ್ಯರು ಬರೆದುಕೊಟ್ಟ ಔಷಧಕ್ಕೆ ಮಾತ್ರ ವಿನಾಯಿತಿ.

ಜೇನು ನಮ್ಮಲ್ಲಿ ಮದ್ಯ, ಮಾಂಸಗಳ ಸಾಲಿನಲ್ಲೇ ವರ್ಜ್ಯ. ಆದರೂ ಮದ್ದೆಂದು ನೆಕ್ಕಿಸಲು ಹೇಳುವವರಿದ್ದಾರೆ. ವೈದ್ಯಶಾಸ್ತ್ರವೂ ವರ್ಷ ತುಂಬುವವರೆಗೆ ಯಾವ ಕೂಸಿಗೂ ಜೇನು ಕೂಡದೆನ್ನುತ್ತದೆ. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು, ವಿಷ ಕಾರಿ, ಕೂಸಿನ ಮೈಯನ್ನೇ ನಿತ್ರಾಣಗೊಳಿಸುತ್ತದೆ.

ನೆಗಡಿಯ ಸಿರಪ್ಪು ಕುಡಿಸಿದರೆ ಮಲಗುತ್ತದೆಂಬುದು ಇನ್ನೊಂದು ಅಪಾಯದ ನಂಬಿಕೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಬಾಟಲಿಯ ಮೇಲೆ ಮುದ್ರಿಸಲು ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಿದ್ದಾರೆ. ಅಂಗಡಿಯಿಟ್ಟವರಿಗೂ ಇಲ್ಲೊಂದು ಮಾತು. ಡಬ್ಬಿ ಹಾಲಿನ ಜಾಹೀರಾತು, ಬಿಟ್ಟಿ ಮಾದರಿ, ಉಡುಗೊರೆಗಳನ್ನು 1992ರ ಕಾನೂನು ನಿಷೇಧಿಸಿದೆ. “ಕೂಸು ಮಲಗುವುದಿಲ್ಲ” ಎಂದು ಗಿರಾಕಿ ಬಂದಾಗ ಡಬ್ಬಿಯನ್ನೋ ಬಾಟಲಿಯನ್ನೋ ಮುಂದಿಡುವ ಬದಲು “ಡಾಕ್ಟರಿಗೆ ತೋರಿಸಿ” ಎನ್ನುವುದು ಒಳ್ಳೆಯ ವ್ಯಾಪಾರಸ್ಥನ ಮಾತು.

ಮಲಗಿಸುವಾಗ ಜೋಕೆ

ಉದ್ದದ ನಿದ್ದೆಗಿಂತ ಸುರಕ್ಷಿತ ನಿದ್ದೆ ಮೇಲು. ಕೂಸನ್ನು ಯಾವಾಗಲೂ ಅಂಗಾತ ಮಲಗಿಸಿ. ಬೋರಲು ಮಲಗಿದ ಕೂಸು ಗಾಢವಾಗಿ ನಿದ್ರಿಸುತ್ತದೆ, ನಿಜ. ಆದರೆ ನಿದ್ದೆಯಲ್ಲೇ ಉಸಿರು ನಿಲ್ಲುವ ಅಪಾಯ ಅದರಲ್ಲಿಯೇ ಹೆಚ್ಚು. ಅಮೆರಿಕದಲ್ಲಿ 1994ರಿಂದ ಅಂಗಾತ ಮಲಗಿಸುವ ಬಗ್ಗೆ ಪ್ರಚಾರ ನಡೆದ ಮೇಲೆ ಇಂಥ ಸಾವುಗಳು ಮುಂದಿನ ವರ್ಷಗಳಲ್ಲಿ ಅರ್ಧಕ್ಕಿಂತ ಕೆಳಗಿಳಿದವು. ಹಾಸಿಗೆ ಸಮತಟ್ಟಾಗಿ, ಗಟ್ಟಿಯಾಗಿರಲಿ. ತಲೆ ದುಂಡಗಾಗಲೆಂದು ಇಡುವ ಸಾಸಿವೆಯ ದಿಂಬು ಬೇಡ. ಸೀರೆಯ ಜೋಲಿಯಲ್ಲಿ ಕೂಸಿನ ಗದ್ದ ಎದೆಗೆ ಒತ್ತಿ ಉಸಿರಾಟಕ್ಕೆ ತೊಡಕಾಗಬಹುದು. ತಳ ಚಪ್ಪಟೆಯಿರುವ ಮರದ ತೊಟ್ಟಿಲು ವಾಸಿ. ಸೊಳ್ಳೆಗೆಂದು ಮುಖದ ಮೇಲೆ ಸೆರಗು ಹೊದಿಸದೆ ಪರದೆ ಕಟ್ಟಿ. ಲೋಬಾನದ ಹೊಗೆ, ಸೊಳ್ಳೆಬತ್ತಿಯ ಹೊಗೆ ಕೂಸಿನ ಕೋಣೆಗೆ ಬೇಡ. ಬಟ್ಟೆ ಸುತ್ತಿ ಮಲಗಿಸುವವರು ಕಾಲು ಮಡಚಿ ಆಡಿಸಲು ಸಡಿಲ ಬಿಡಬೇಕು; ಕೂಸು ಮಗುಚಲು ಹವಣಿಸಿದ ದಿನದಿಂದ ಸುತ್ತುವುದನ್ನು ನಿಲ್ಲಿಸಬೇಕು.

ಮನೆಮಂದಿಯ ಕೆಲಸ

ಸಂಜೆ ಐದರಿಂದ ಹೊತ್ತು ಮುಳುಗುವವರೆಗೆ ನಮ್ಮ ಮನೆಗಳ ಅಡಿಗೆಮನೆಯಲ್ಲಿ ಬಿಡುವಿಲ್ಲದ ಕೆಲಸ. ಕೂಸು ರಚ್ಚೆ ಹಿಡಿಯುವುದೂ ಆಗಲೇ. ಆ ಒಂದು ತಾಸು ಕೂಸನ್ನು ಅಜ್ಜನೋ ಅತ್ತೆಯೋ ಎತ್ತಿಕೊಂಡು ತಿರುಗಾಡಿದರೆ ಅದಕ್ಕೊಂದು ಕೊನೆಯ ಚಿಕ್ಕ ನಿದ್ದೆಯೂ ಆದೀತು, ಸೊಸೆಗೆ ಹೊತ್ತಿರುವಾಗಲೇ ಉಣ್ಣಲು ಬಿಡುವೂ ಸಿಕ್ಕೀತು. ಬೇಗ ಊಟ ಮುಗಿಯುವ ಮನೆಯಲ್ಲಿ ಕೂಸನ್ನು ಎಂಟರೊಳಗೆ ಮಲಗಿಸುವುದು ಸುಲಭ. ರಾತ್ರಿ ಒಂಬತ್ತಕ್ಕೆ ಅಂಗಡಿ ಮುಚ್ಚಿ ಬರುವ ತಂದೆಗೆ ಮಗುವನ್ನು ಮುದ್ದಾಡುವ ಆಸೆ ಸಹಜ. ಆದರೆ ಮಲಗಿದ್ದನ್ನು ಎಬ್ಬಿಸಿದರೆ ಮರುದಿನದ ಹಗಲು ನಿದ್ದೆಯೂ ಕೆಡುತ್ತದೆ. ಬೆಳಿಗ್ಗೆ ಅಂಗಡಿಗೆ ಹೋಗುವ ಮುನ್ನಿನ ಒಂದು ತಾಸು ತಂದೆಯದಾಗಲಿ. ಮನೆ ನೋಡಲು ಬಂದ ನೆಂಟರಿಗೂ “ಕೂಸು ಮಲಗಿದೆ, ಎದ್ದ ಮೇಲೆ ಎತ್ತಿಕೊಳ್ಳುವಿರಂತೆ” ಎಂದು ಹಿರಿಯರೇ ಹೇಳಲಿ. ಸೊಸೆಯ ಬಾಯಲ್ಲಿ ಬಂದರೆ ಬಿರುಸಾಗಿ ಕೇಳುವ ಮಾತು, ಅತ್ತೆಯ ಬಾಯಲ್ಲಿ ಸಹಜವಾಗಿ ಕೇಳುತ್ತದೆ.

ವೈದ್ಯರನ್ನು ಕಾಣಬೇಕಾದದ್ದು ಯಾವಾಗ? ಕೂಸಿನ ತೂಕ ಏರದಿದ್ದರೆ, ಬಟ್ಟೆ ಒದ್ದೆ ಮಾಡುವುದು ಕಡಿಮೆಯಾದರೆ, ನಿದ್ದೆಯಲ್ಲಿ ಗೊರಕೆ ಹೊಡೆದು ಉಸಿರು ತಡೆತಡೆದು ಬರುತ್ತಿದ್ದರೆ, ಸಮಾಧಾನವೇ ಆಗದಂತೆ ಅಳುತ್ತಿದ್ದರೆ ತಡಮಾಡಬೇಡಿ. ಹಾಲಿಗೂ ಏಳದಷ್ಟು ಮಂಕಾಗಿ ಮಲಗಿದ್ದರೆ, ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಆ ಕ್ಷಣವೇ ಹೊರಡಿ. ಸದಾ ಕಣ್ಣೀರಿಡುವ, ಬಿಡುವಿದ್ದರೂ ನಿದ್ದೆ ಬಾರದ ಬಾಣಂತಿಯನ್ನೂ ವೈದ್ಯರಿಗೆ ತೋರಿಸಬೇಕು. ಅದು ಹಟವಲ್ಲ, ಗುಣವಾಗುವ ಕಾಯಿಲೆ.

ಉಳಿದಂತೆ ಆತಂಕ ಬೇಡ. ಇಂದು ಅರ್ಧ ತಾಸಿಗೆ ಏಳುವ ಕೂಸು ಇನ್ನು ಕೆಲವು ತಿಂಗಳಿಗೆ ಮಧ್ಯಾಹ್ನ ಒಂದೂವರೆ ತಾಸು ಮಲಗೀತು. ಅಲ್ಲಿಯವರೆಗೆ ಕೂಸು ಮಲಗಿದ ಅರ್ಧ ತಾಸಿನಲ್ಲಿ ಪಾತ್ರೆ, ಬಟ್ಟೆಗಳನ್ನು ಬೇರೆಯವರು ನೋಡಿಕೊಳ್ಳಲಿ; ತಾಯಿ ಉಂಡು, ತಾನೂ ಒಂದಿಷ್ಟು ಅಡ್ಡಾಗಲಿ.