ಇಂಧನ ಆವಿ ನಿಯಂತ್ರಣ ವ್ಯವಸ್ಥೆಯ ದೋಷ: ಬಿಡಿಭಾಗ ಬದಲಿಸುವ ಮುನ್ನ

ಪೆಟ್ರೋಲ್ ಕಾರು ಓಡದೆ ನಿಂತಿರುವಾಗಲೂ ವಾಯುಮಾಲಿನ್ಯಕ್ಕೆ ಕಾರಣವಾಗಬಲ್ಲದೆಂಬ ಸಂಗತಿ ಅನೇಕರ ಗಮನಕ್ಕೆ ಬಂದಿರುವುದಿಲ್ಲ. ಬಿಸಿಲಿನಲ್ಲಿ ನಿಂತ ವಾಹನದ ಟ್ಯಾಂಕಿನಲ್ಲಿ ಪೆಟ್ರೋಲ್ ಸತತವಾಗಿ ಆವಿಯಾಗುತ್ತಿರುತ್ತದೆ. ಈ ಆವಿ ಹೊರಹೋಗದಂತೆ ಹಿಡಿದಿಟ್ಟು ಇಂಜಿನ್ನಿಗೇ ಮರಳಿಸುವ ವ್ಯವಸ್ಥೆಯನ್ನು ಕ್ಯಾಲಿಫೋರ್ನಿಯಾ ರಾಜ್ಯವು 1970ರಲ್ಲಿ, ಇಡೀ ಅಮೆರಿಕವು 1971ರಲ್ಲಿ ಕಡ್ಡಾಯಗೊಳಿಸಿದವು. ಭಾರತದಲ್ಲಿ ಬಿಎಸ್-6 ನಿಯಮದಂತೆ, ಮುಚ್ಚಿದ ಕೊಠಡಿಯಲ್ಲಿ ನಡೆಸುವ ಪರೀಕ್ಷೆಯಲ್ಲಿ ಪೆಟ್ರೋಲ್ ಕಾರೊಂದು 2 ಗ್ರಾಂಗಿಂತ ಹೆಚ್ಚು ಆವಿಯನ್ನು ಹೊರಬಿಡುವಂತಿಲ್ಲ.

ಈ ವ್ಯವಸ್ಥೆ ಕೆಟ್ಟಾಗ ವಾಹನ ಮಾಲೀಕರು, ಗ್ಯಾರೇಜು ನಡೆಸುವವರು ಮತ್ತು ಬಿಡಿಭಾಗಗಳ ವರ್ತಕರು ಮೂವರೂ ನಷ್ಟ ಅನುಭವಿಸುವುದುಂಟು. ದೋಷ ದೊಡ್ಡದಾಗಿರುವುದರಿಂದಲ್ಲ, ಪರೀಕ್ಷಿಸದೆ, ಊಹೆಯ ಮೇಲೆ ಬಿಡಿಭಾಗಗಳನ್ನು ಒಂದಾದ ಮೇಲೊಂದರಂತೆ ಬದಲಿಸುವುದರಿಂದ. ಗ್ರಾಹಕನ ಹಣ ವ್ಯರ್ಥವಾಗುತ್ತದೆ, ದೋಷ ಉಳಿಯುತ್ತದೆ, ಕೆಡದ ವಾಲ್ವ್ 'ದೋಷಯುಕ್ತ'ವೆಂಬ ಹಣೆಪಟ್ಟಿಯೊಂದಿಗೆ ಅಂಗಡಿಗೆ ಮರಳುತ್ತದೆ.

ವ್ಯವಸ್ಥೆಯ ರಚನೆ ಸರಳವಾದುದು. ಟ್ಯಾಂಕಿನಿಂದ ಹೊರಟ ಆವಿಯು ಕ್ಯಾನಿಸ್ಟರ್ ಎಂಬ ಡಬ್ಬಿಯನ್ನು ಸೇರುತ್ತದೆ. ಅದರೊಳಗಿನ ಸಕ್ರಿಯ ಇದ್ದಿಲು ಆವಿಯನ್ನು ಹೀರಿಟ್ಟುಕೊಳ್ಳುತ್ತದೆ. ಇಂಜಿನ್ ಓಡುವಾಗ ಪರ್ಜ್ ವಾಲ್ವ್ ತೆರೆದುಕೊಂಡು, ಇಂಜಿನ್ನಿನ ಹೀರುವಿಕೆಯ ಬಲದಿಂದ ಆ ಆವಿ ದಹನಕ್ಕೆ ಸಾಗುತ್ತದೆ. ಅದರ ಜಾಗಕ್ಕೆ ಕ್ಯಾನಿಸ್ಟರಿನ ಇನ್ನೊಂದು ದ್ವಾರದಿಂದ ಹೊರಗಿನ ಗಾಳಿ ಬರುತ್ತದೆ. ಅಮೆರಿಕದ ಮಾದರಿಗಳಲ್ಲಿ ಈ ದ್ವಾರಕ್ಕೆ ವೆಂಟ್ ವಾಲ್ವ್, ಟ್ಯಾಂಕಿಗೆ ಒತ್ತಡ ಅಳೆಯುವ ಸೆನ್ಸರ್ ಇರುತ್ತವೆ. ವಿದ್ಯುತ್ ಇಲ್ಲದಿರುವಾಗ ಪರ್ಜ್ ವಾಲ್ವ್ ಮುಚ್ಚಿರಬೇಕು, ವೆಂಟ್ ವಾಲ್ವ್ ತೆರೆದಿರಬೇಕು. ಇದನ್ನು ತಿರುವುಮುರುವಾಗಿ ತಿಳಿದು ಸರಿಯಾದ ವಾಲ್ವನ್ನೇ ಕಳಚಿ ಎಸೆದವರೂ ಇದ್ದಾರೆ.

ಅಮೆರಿಕದಲ್ಲಿ 1996ರ ಮಾದರಿಗಳಿಂದ ಆರಂಭಿಸಿ ಕಾರಿನ ಕಂಪ್ಯೂಟರೇ ಸೋರಿಕೆಯನ್ನು ಪತ್ತೆಹಚ್ಚಬೇಕಾಯಿತು. ಮೊದಲು ಸುಮಾರು 1 ಮಿ.ಮೀ. ರಂಧ್ರಕ್ಕೆ ಸಮನಾದ ಸೋರಿಕೆ, 2000ದ ಮಾದರಿಗಳಿಂದ ಹಂತ ಹಂತವಾಗಿ 0.5 ಮಿ.ಮೀ. ಇದಕ್ಕಾಗಿ ಅನೇಕ ಕಾರುಗಳಲ್ಲಿ ಕಂಪ್ಯೂಟರ್ ವೆಂಟ್ ವಾಲ್ವನ್ನು ಮುಚ್ಚಿ, ಪರ್ಜ್ ವಾಲ್ವ್ ಮೂಲಕ ಟ್ಯಾಂಕಿನಲ್ಲಿ ನಿರ್ವಾತ ಉಂಟುಮಾಡಿ, ಅದು ಎಷ್ಟು ಬೇಗ ಕುಸಿಯುತ್ತದೆಂದು ನೋಡುತ್ತದೆ. ಟ್ಯಾಂಕು ತೀರ ಬರಿದಾಗಿದ್ದರೂ ಪೂರ್ಣ ತುಂಬಿದ್ದರೂ ಈ ಪರೀಕ್ಷೆ ನಡೆಯುವುದಿಲ್ಲ. ದೊಡ್ಡ ಸೋರಿಕೆಗೆ ಪಿ 0455, ಸಣ್ಣದಕ್ಕೆ ಪಿ 0442, ಅತಿ ಸಣ್ಣದಕ್ಕೆ ಪಿ 0456 ಎಂಬ ಸಂಕೇತಗಳು ದಾಖಲಾಗುತ್ತವೆ. ಸಂಕೇತವು ಸೋರಿಕೆ ಇದೆಯೆಂದಷ್ಟೇ ಹೇಳುತ್ತದೆ, ಎಲ್ಲಿದೆಯೆಂದು ಹೇಳುವುದಿಲ್ಲ.

ನಮ್ಮ ಗ್ಯಾರೇಜುಗಳು ಒಂದು ವ್ಯತ್ಯಾಸವನ್ನು ಗಮನಿಸುವುದು ಅಗತ್ಯ. ಭಾರತದ ನಿಯಮಗಳು ಯುರೋಪಿನ ಮಾದರಿಯವು. ಅವುಗಳ ಪ್ರಕಾರ ಪರ್ಜ್ ವಾಲ್ವಿನ ವಿದ್ಯುತ್ ಸಂಪರ್ಕ ಸರಿಯಿದೆಯೇ ಎಂಬ ತಪಾಸಣೆ ಕನಿಷ್ಠ ಅಗತ್ಯ. ಸೋರಿಕೆಯ ಪತ್ತೆ ಕಡ್ಡಾಯವಲ್ಲ. ಆದ್ದರಿಂದ ಇಲ್ಲಿನ ಬಹುಪಾಲು ಕಾರುಗಳಲ್ಲಿ ಎಚ್ಚರಿಕೆ ದೀಪ ಬೆಳಗಿದರೆ ಮೊದಲು ನೋಡಬೇಕಾದುದು ತಂತಿ, ಕನೆಕ್ಟರ್ ಮತ್ತು ವಾಲ್ವಿನ ಸುರುಳಿಯನ್ನು. ಇಲಿ ಕಡಿದ ತಂತಿಯೂ ಸಾಮಾನ್ಯ ಕಾರಣಗಳಲ್ಲೊಂದು. ಅಮೆರಿಕದ ಕೈಪಿಡಿಯನ್ನು ಹಿಡಿದು ಇಲ್ಲಿನ ಕಾರಿನಲ್ಲಿ ಇಲ್ಲದ ವೆಂಟ್ ವಾಲ್ವನ್ನು ಹುಡುಕುವುದರಿಂದ ಪ್ರಯೋಜನವಿಲ್ಲ. ನಳಿಕೆ ಬಿರಿದಿದ್ದರೆ ಅಂತಹ ಕಾರಿನ ದೀಪ ಬೆಳಗದೆಯೂ ಇರಬಹುದು. ಹೊಗೆ ತಪಾಸಣಾ ಕೇಂದ್ರದ ಪ್ರಮಾಣಪತ್ರವೂ ಇಲ್ಲಿ ನೆರವಾಗದು, ಏಕೆಂದರೆ ಅಲ್ಲಿ ಅಳೆಯುವುದು ಹೊಗೆಕೊಳವೆಯ ಅನಿಲವನ್ನು ಮಾತ್ರ.

ಹೀಗಾಗಿ ಚಾಲಕನನ್ನು ವಿಚಾರಿಸುವುದೇ ತಪಾಸಣೆಯ ಮೊದಲ ಹೆಜ್ಜೆಯಾಗಬೇಕು. ಪೆಟ್ರೋಲ್ ತುಂಬಿಸಿದ ಕೂಡಲೇ ಇಂಜಿನ್ ಚಾಲೂ ಆಗಲು ತಡವರಿಸುತ್ತದೆಂದರೆ ಪರ್ಜ್ ವಾಲ್ವ್ ತೆರೆದ ಸ್ಥಿತಿಯಲ್ಲೇ ಸಿಲುಕಿರುವ ಸಂಭವ ಹೆಚ್ಚು; ಟ್ಯಾಂಕಿನ ಆವಿ ನೇರವಾಗಿ ಇಂಜಿನ್ನಿಗೆ ನುಗ್ಗುತ್ತಿರುತ್ತದೆ. ಬಂಕಿನಲ್ಲಿ ನಳಿಕೆ ಪದೇ ಪದೇ ತಾನಾಗಿ ನಿಲ್ಲುತ್ತಿದ್ದರೆ ಗಾಳಿಯ ದ್ವಾರ ಧೂಳು, ಕೆಸರು ಅಥವಾ ಕೀಟಗಳ ಗೂಡಿನಿಂದ ಕಟ್ಟಿಕೊಂಡಿರಬಹುದು. ನಳಿಕೆ ನಿಂತ ಮೇಲೂ ಲೆಕ್ಕ ಸರಿಹೊಂದಿಸಲು ಇನ್ನಷ್ಟು ತುಂಬಿಸುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಇದರಿಂದ ದ್ರವ ಪೆಟ್ರೋಲ್ ಕ್ಯಾನಿಸ್ಟರಿಗೆ ನುಗ್ಗಿ ಇದ್ದಿಲನ್ನು ಕೆಡಿಸಬಹುದು.

ಎರಡನೆಯದಾಗಿ ಟ್ಯಾಂಕಿನ ಮುಚ್ಚಳ. ಅದರ ರಬ್ಬರ್ ಬಳೆ ಬಿರಿದಿದೆಯೇ, ಮುಚ್ಚಳ ಕೂರುವ ಅಂಚು ತುಕ್ಕು ಹಿಡಿದಿದೆಯೇ ಎಂದು ನೋಡಲು ಖರ್ಚಿಲ್ಲ. ಸೋರಿಕೆ ಪತ್ತೆಮಾಡುವ ಕಾರಿನಲ್ಲಿ ಮುಚ್ಚಳ ಬಿಗಿಮಾಡಿದ ತಕ್ಷಣ ದೀಪ ಆರುವುದಿಲ್ಲ. ಪರೀಕ್ಷೆ ಹಲವು ಬಾರಿ ಸರಿಯಾಗಿ ಮುಗಿಯಬೇಕು. ಇದನ್ನು ತಿಳಿಸದಿದ್ದರೆ ಗ್ರಾಹಕ ಮರುದಿನವೇ ದೂರಿನೊಂದಿಗೆ ಮರಳುತ್ತಾನೆ.

ಪರ್ಜ್ ವಾಲ್ವಿನ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಇಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ವಾಲ್ವಿನ ವಿದ್ಯುತ್ ಕನೆಕ್ಟರನ್ನು ಬಿಡಿಸಿ, ಕ್ಯಾನಿಸ್ಟರ್ ಕಡೆಯ ನಳಿಕೆಯನ್ನು ಕಳಚಿ ವಾಲ್ವಿನ ಬಾಯಿಗೆ ಬೆರಳಿಟ್ಟು ನೋಡಬೇಕು. ಹೀರುವಿಕೆ ತಿಳಿದುಬಂದರೆ ವಾಲ್ವ್ ಮುಚ್ಚುತ್ತಿಲ್ಲವೆಂದರ್ಥ. ಹೀರುವಿಕೆ ಇಲ್ಲದಿದ್ದರೆ ವಾಲ್ವನ್ನು ಬಿಚ್ಚಿ, ಇಂಜಿನ್ನಿನಿಂದ ದೂರ ಒಯ್ದು 12 ವೋಲ್ಟ್ ನೀಡಿದಾಗ 'ಟಕ್' ಎಂದು ತೆರೆಯಬೇಕು. ಸುರುಳಿಯ ರೋಧವನ್ನು ತಯಾರಕರ ಕೈಪಿಡಿಯ ಅಂಕಿಯೊಂದಿಗೆ ಹೋಲಿಸಬೇಕು.

ಇಲ್ಲಿ ಒಂದು ಬಲೆಯಿದೆ. ಬಿಚ್ಚಿದ ವಾಲ್ವನ್ನು ಬಿಳಿಯ ಕಾಗದದ ಮೇಲೆ ತಟ್ಟಿದಾಗ ಕಪ್ಪು ಕಾಳುಗಳು ಉದುರಿದರೆ ಅವು ಕ್ಯಾನಿಸ್ಟರಿನ ಇದ್ದಿಲು. ಡಬ್ಬಿಯೊಳಗಿನ ಜರಡಿ ಒಡೆದು ಇದ್ದಿಲು ಹರಿದುಬಂದು ವಾಲ್ವಿನ ಬಾಯಲ್ಲಿ ಸಿಲುಕಿರುತ್ತದೆ. ಅಂತಹ ಕಾರಿಗೆ ಎಷ್ಟು ಹೊಸ ವಾಲ್ವ್ ಹಾಕಿದರೂ ಕೆಲ ದಿನಗಳಲ್ಲಿ ಅದೇ ಗತಿ. ಕ್ಯಾನಿಸ್ಟರ್ ಬದಲಿಸಿ, ನಳಿಕೆಗಳನ್ನು ಊದಿ ಶುಚಿಗೊಳಿಸಿದ ನಂತರವೇ ಹೊಸ ವಾಲ್ವ್ ಅಳವಡಿಸಬೇಕು. ವಾಲ್ವಿನ ಗುಣಮಟ್ಟದ ಬಗ್ಗೆ ಬರುವ ದೂರುಗಳಲ್ಲಿ ಕೆಲವಾದರೂ ಈ ಬಗೆಯವು. ಮರಳಿದ ವಾಲ್ವನ್ನು ವರ್ತಕರು ಒಮ್ಮೆ ತಟ್ಟಿ ನೋಡುವುದು ಲೇಸು.

ಸೋರಿಕೆಯ ಜಾಗ ಕಣ್ಣಿಗೆ ಕಾಣದಿದ್ದಾಗ ಹೊಗೆ ಯಂತ್ರ ಬೇಕಾಗುತ್ತದೆ. ಖನಿಜ ತೈಲವನ್ನು ಕಾಯಿಸಿ ಉಂಟಾದ ಹೊಗೆಯನ್ನು ವ್ಯವಸ್ಥೆಯೊಳಗೆ ಹರಿಸಿದರೆ ಬಿರುಕಿನಿಂದ ಅದು ಹೊರಸೂಸುತ್ತದೆ. ಒತ್ತಡ ಅರ್ಧ ಪಿಎಸ್‌ಐಯ ಆಸುಪಾಸಿನಲ್ಲೇ ಇರಬೇಕು. ಟೈರಿಗೆ ಗಾಳಿ ತುಂಬುವ ಕಂಪ್ರೆಸರನ್ನು ನೇರವಾಗಿ ಜೋಡಿಸಿದರೆ ಟ್ಯಾಂಕು, ಸೆನ್ಸರ್ ಎರಡಕ್ಕೂ ಅಪಾಯ. ಅದಕ್ಕಿಂತ ಮಿಗಿಲಾಗಿ, ಪೆಟ್ರೋಲ್ ಆವಿ ತುಂಬಿದ ಟ್ಯಾಂಕಿಗೆ ಗಾಳಿ ಸೇರಿಸುವುದೆಂದರೆ ಬೆಂಕಿಗೆ ಬೇಕಾದ ಆಮ್ಲಜನಕವನ್ನು ಒದಗಿಸಿದಂತೆ. ಸಾರಜನಕ ಬಳಸುವುದೇ ಸುರಕ್ಷಿತ. ಅಗ್ಗದ ಹೊಗೆ ಯಂತ್ರಗಳನ್ನು ಸ್ವಂತವಾಗಿ ತಯಾರಿಸಲು ಹೊರಟಿರುವ ಸಣ್ಣ ಉದ್ದಿಮೆದಾರರು ಒತ್ತಡ ನಿಯಂತ್ರಕ ಮತ್ತು ಸಾರಜನಕದ ಜೋಡಣೆಗಳಲ್ಲಿ ಉಳಿತಾಯ ಮಾಡಲು ಹೋಗಬಾರದು.

ರಬ್ಬರ್ ಉತ್ಪನ್ನಗಳ ತಯಾರಕರಿಗೂ ಇಲ್ಲಿ ಕೆಲಸವಿದೆ. ಎಥೆನಾಲ್ ಬೆರೆತ ಪೆಟ್ರೋಲ್ ಸಾಮಾನ್ಯ ನೈಟ್ರೈಲ್ ರಬ್ಬರಿನ ಮೂಲಕ ಶುದ್ಧ ಪೆಟ್ರೋಲಿಗಿಂತ ಹೆಚ್ಚಾಗಿ ಜಿನುಗುತ್ತದೆ. ಶೇ. 20ರ ಮಿಶ್ರಣದ ಮಾರಾಟ ಭಾರತದಲ್ಲಿ 2023ರಲ್ಲಿ ಆರಂಭವಾಯಿತು. ಫ್ಲೋರೋ ರಬ್ಬರಿನ ಒಳಪದರವುಳ್ಳ ನಳಿಕೆ ದುಬಾರಿಯಾದರೂ ಈ ಜಿನುಗುವಿಕೆಯನ್ನು ಬಹುಮಟ್ಟಿಗೆ ತಡೆಯುತ್ತದೆ. 2017ರಲ್ಲಿ ಬಿಎಸ್-4 ಜಾರಿಯಾದ ಮೇಲೆ ಕ್ಯಾನಿಸ್ಟರ್ ದ್ವಿಚಕ್ರ ವಾಹನಗಳಿಗೂ ಬಂದಿರುವುದರಿಂದ, ಬದಲಿ ನಳಿಕೆಗಳ ಬೇಡಿಕೆ ಈಗ ಕಾರುಗಳಿಗಷ್ಟೇ ಸೀಮಿತವಾಗಿಲ್ಲ.